ಒಂದೂವರೆ ಮೈಕ್ರೋಸೆಕೆಂಡಿನ ತಕರಾರು

ಕೇಳುಗರಿಗೆ ನಮಸ್ಕಾರ. ಮೊನ್ನೆ ಭಾನುವಾರ ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಲೋ ಪಾಸ್ ಫಿಲ್ಟರ್ ಕಟ್ಟಿದೆ, ಅಂದರೆ ನಿಧಾನದ ಅಲೆಗಳನ್ನು ಹಾಯಲು ಬಿಟ್ಟು ವೇಗದವನ್ನು ತಗ್ಗಿಸುವ ಸರ್ಕ್ಯೂಟ್. 1.6 ಕಿಲೋ ಓಮ್ ರೆಸಿಸ್ಟರ್, 10 ನ್ಯಾನೋಫ್ಯಾರಡ್ ಕೆಪಾಸಿಟರ್, ಅದರ ಬೆನ್ನಿಗೆ ಸಿಗ್ನಲ್ಲನ್ನು ಹತ್ತು ಪಟ್ಟು ಹಿಗ್ಗಿಸುವ 741 ಆಪ್ ಆಂಪ್ ಚಿಪ್ಪು. ಎಲ್ಲವೂ ಎಸ್.ಪಿ. ರಸ್ತೆಯಿಂದ ತಂದ ಸರಕು. ಕಟ್‌ಆಫ್, ಅಂದರೆ ತಗ್ಗಿಸುವ ಕೆಲಸ ಶುರುವಾಗುವ ಆವರ್ತನ, ಹೆಚ್ಚುಕಡಿಮೆ 10 ಕಿಲೋಹರ್ಟ್ಸ್.

ಭಜನೆಯಲ್ಲಿ ಹಿಂದೆ ಹಾಡುವವರನ್ನು ನೆನೆಸಿಕೊಳ್ಳಿ. ಅದೇ ಶ್ರುತಿ, ಅದೇ ಸಾಲು, ಆದರೆ ಚೂರು ತಡ. ಫೇಸ್ ಶಿಫ್ಟ್ ಎಂದರೆ ಆ ತಡ. ಕಟ್‌ಆಫ್‌ನಲ್ಲಿ ಇಂಥ ಫಿಲ್ಟರ್ 45 ಡಿಗ್ರಿ ಹಿಂದುಳಿಯಬೇಕು, ಅಂದರೆ 100 ಮೈಕ್ರೋಸೆಕೆಂಡಿನ ಒಂದು ಅಲೆಯಲ್ಲಿ ಎಂಟನೇ ಒಂದು, 12.5 ಮೈಕ್ರೋಸೆಕೆಂಡ್. ಅಲೆಗಳನ್ನು ಪರದೆಯ ಮೇಲೆ ತೋರಿಸುವ ನನ್ನ ಆಸಿಲೋಸ್ಕೋಪ್ 14 ತೋರಿಸುತ್ತಿತ್ತು.

ಮೊದಲ ಗುಮಾನಿ ಕೆಪಾಸಿಟರ್ ಮೇಲೆ. ಹತ್ತು ಪರ್ಸೆಂಟ್ ಆಚೀಚೆ ಇರುವುದು ಅದರ ಜಾಯಮಾನ. ಒಂದಾದ ಮೇಲೊಂದು ಮೂರು ಬದಲಾಯಿಸಿದೆ, ಅಂಗಡಿಯವರನ್ನೂ ಮನಸ್ಸಿನಲ್ಲೇ ಬೈದೆ. ತಡ ಹಾಗೇ ಇತ್ತು. ಕೊನೆಗೆ ರೇಗಿ ಕೆಪಾಸಿಟರನ್ನೇ ಕಿತ್ತು ಪಕ್ಕಕ್ಕಿಟ್ಟೆ. ಈಗ ಫಿಲ್ಟರೇ ಇಲ್ಲ, ಬರೀ ಆಂಪ್ಲಿಫೈಯರ್. ಆದರೂ ಪರದೆಯ ಮೇಲೆ ಎರಡು ಅಲೆಗಳ ನಡುವೆ ಒಂದೂವರೆ ಮೈಕ್ರೋಸೆಕೆಂಡಿನ ಸಂದು!

ಕಳ್ಳ ಮನೆಯೊಳಗೇ ಇದ್ದ. 1968ರಲ್ಲಿ ಫೇರ್‌ಚೈಲ್ಡ್ ಕಂಪನಿ 741 ಅನ್ನು ಹೊರತಂದಾಗ ಅದರ ಹೆಗ್ಗಳಿಕೆಯೇ ಒಳಗೆ ಕೂರಿಸಿದ್ದ 30 ಪಿಕೋಫ್ಯಾರಡ್ ಕೆಪಾಸಿಟರ್. ಚಿಪ್ಪು ತಾನೇ ತಾನಾಗಿ ಊಳಿಡದಿರಲಿ ಎಂದು ಹಾಕಿದ್ದು. ಅದರಿಂದಾಗಿ ಆಪ್ ಆಂಪ್ ಸ್ವತಃ ಒಂದು ಲೋ ಪಾಸ್ ಫಿಲ್ಟರ್. ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ) ಗುಣಿಸು ಬ್ಯಾಂಡ್‌ವಿಡ್ತ್ (ಎಷ್ಟು ಆವರ್ತನದವರೆಗೆ ಹಿಗ್ಗಿಸುತ್ತದೆ) ಸುಮಾರು 1 ಮೆಗಾಹರ್ಟ್ಸ್. ಹತ್ತು ಪಟ್ಟು ಗೇನ್ ಕೇಳಿದರೆ ಉಳಿಯುವುದು 100 ಕಿಲೋಹರ್ಟ್ಸ್. ನಾನಿದ್ದದ್ದು ಅದರ ಹತ್ತನೇ ಒಂದರಲ್ಲಿ, ಬಹಳ ಕೆಳಗೆ, ಹಾಗಾಗಿ ನಿಶ್ಚಿಂತೆ ಎಂದುಕೊಂಡಿದ್ದೆ. ಎತ್ತರದ ಮಟ್ಟಿಗೆ ಅದು ನಿಜವೇ: ಅಲೆ ಕುಗ್ಗುವುದು ಬರೀ ಅರ್ಧ ಪರ್ಸೆಂಟ್, ಕಣ್ಣಿಗೆ ಬೀಳದು. ಫೇಸ್ ಮಾತ್ರ ಅಷ್ಟು ಕೆಳಗೇ 5.7 ಡಿಗ್ರಿ ಜಾರಿರುತ್ತದೆ, ಹೆಚ್ಚುಕಡಿಮೆ ಆ ಒಂದೂವರೆ ಮೈಕ್ರೋಸೆಕೆಂಡ್. ನಾವು ಅಲೆಯ ಎತ್ತರವನ್ನಷ್ಟೇ ನೋಡಿ ಫಿಲ್ಟರ್ ಸರಿಯಿದೆ ಅನ್ನುತ್ತೇವಲ್ಲ, ಎಡವುವುದು ಅಲ್ಲೇ. ಸ್ಲ್ಯೂ ರೇಟನ್ನು, ಅಂದರೆ ಚಿಪ್ಪಿನ ವೋಲ್ಟೇಜ್ ಏರಿಳಿಯಬಲ್ಲ ವೇಗದ ಮಿತಿಯನ್ನು, ದೂರುವ ಹಾಗೂ ಇರಲಿಲ್ಲ, ನನ್ನ ಸಿಗ್ನಲ್ ಒಂದು ವೋಲ್ಟನ್ನೂ ಮುಟ್ಟುತ್ತಿರಲಿಲ್ಲ.

ಅದೇ ಸಾಕೆಟ್ಟಿಗೆ ಟಿಎಲ್071 ಎಂಬ ಇನ್ನೊಂದು ಆಪ್ ಆಂಪ್ ಚುಚ್ಚಿ, ಕೆಪಾಸಿಟರನ್ನು ಮತ್ತೆ ಹಾಕಿದೆ. ಇದರ ಗೇನ್ ಗುಣಿಸು ಬ್ಯಾಂಡ್‌ವಿಡ್ತ್ 3 ಮೆಗಾಹರ್ಟ್ಸ್, ಕಾಲುಗಳೂ 741ರ ಜಾಗಕ್ಕೇ ಹೊಂದುತ್ತವೆ. ತಡ 13 ಮೈಕ್ರೋಸೆಕೆಂಡಿಗೆ ಇಳಿಯಿತು. ಉಳಿದ ಅರ್ಧ ಈ ಚಿಪ್ಪಿನ ಪಾಲು. ಅದನ್ನು ಲೆಕ್ಕದಲ್ಲೇ ಸೇರಿಸಿ ಬರೆದುಕೊಂಡೆ. ಬೈಸಿಕೊಂಡ ಮೂರು ಕೆಪಾಸಿಟರುಗಳು ಡಬ್ಬಿಗೆ ವಾಪಸ್ಸಾದವು.