ಏಳು ತಿಂಗಳಿಗೇ ಹುಟ್ಟಿದವರು

ಎಲ್ಲರಿಗೂ ನಮಸ್ಕಾರ.

ಯಾರಾದರೂ ಅವಸರ ಮಾಡಿದರೆ, "ಏಳು ತಿಂಗಳಿಗೇ ಹುಟ್ಟಿದೋನ ಹಾಗೆ ಆಡ್ತಾನೆ" ಅಂತ ಬೈಯುತ್ತೇವೆ, ಅಲ್ವಾ? ನಿಜವಾಗಿ ಏಳು ತಿಂಗಳಿಗೆ ಹುಟ್ಟಿದ ಮಗುವಿಗೆ ಅವಸರವೇನೂ ಇರುವುದಿಲ್ಲ. ಅದರ ಮಿದುಳಿನ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇರುತ್ತದೆ.

37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಹೆರಿಗೆ. 24 ವಾರದ ಮಿದುಳು ಹೆಚ್ಚುಕಮ್ಮಿ ನುಣುಪಾಗಿರುತ್ತದೆ. ಅಕ್ರೋಟಿನಂಥ ಮಡಿಕೆಗಳು ಬರುವುದು ಆಮೇಲೆ. 35ನೇ ವಾರದಲ್ಲೂ ಅದರ ತೂಕ ದಿನ ತುಂಬಿ ಹುಟ್ಟಿದ ಮಗುವಿನ ಮಿದುಳಿನ ಮೂರನೇ ಎರಡು ಪಾಲಿನಷ್ಟೇ. ಅಂದರೆ ಉಳಿದ ಒಂದು ಪಾಲು ಕೊನೆಯ ಐದು ವಾರದ್ದು! ಒಳ್ಳೆಯ ನಕ್ಷತ್ರ ಸಿಗಲಿ ಅಂತ ಸಿಸೇರಿಯನ್ ದಿನ ಹಿಂದಕ್ಕೆ ತರಿಸುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನರದ ಎಳೆಗಳಿಗೂ ಒಂದು ಹೊದಿಕೆ ಇದೆ. ಅದನ್ನು ನೇಯುವ ಜೀವಕೋಶಗಳು 32 ವಾರದವರೆಗೆ ಬಹಳ ಎಳಸು. ಆಮ್ಲಜನಕ ಕಮ್ಮಿಯಾದರೆ, ಸೋಂಕು ತಗುಲಿದರೆ ಮೊದಲು ಪೆಟ್ಟು ಬೀಳುವುದು ಅವಕ್ಕೇ. ಒಳಗಿನ ರಕ್ತನಾಳಗಳೂ ತೀರಾ ತೆಳು. ಮೊದಲ ಮೂರು ದಿನಗಳಲ್ಲೇ ಒಡೆಯುವುದು ಜಾಸ್ತಿ. ಅದಕ್ಕೇ ಸ್ಕ್ಯಾನಿನ ಉಪಕರಣವನ್ನು ನೆತ್ತಿಯ ಮೇಲಿಟ್ಟು ನೋಡುತ್ತೇವೆ.

ಆದರೆ ಸ್ಕ್ಯಾನಿನಲ್ಲಿ ಕಾಣದ್ದೂ ಇದೆ. 1995ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 26 ವಾರಕ್ಕೂ ಮೊದಲು ಹುಟ್ಟಿದ ಮಕ್ಕಳನ್ನು 'ಎಪಿಕ್ಯೂರ್' ಅಧ್ಯಯನದವರು ವರ್ಷಗಟ್ಟಲೆ ಗಮನಿಸಿದರು. ಆರು ವರ್ಷದಲ್ಲಿ 241 ಮಕ್ಕಳ ಪರೀಕ್ಷೆ ಆಯಿತು. ಬುದ್ಧಿಶಕ್ತಿ ಪರೀಕ್ಷೆಯ ಸಿದ್ಧ ಪಟ್ಟಿಗೆ ಹೋಲಿಸಿದಾಗ ಶೇ. 21 ಮಕ್ಕಳು ಹಿಂದಿದ್ದರು. ಅದೇ ಮಕ್ಕಳನ್ನು ತರಗತಿಯ ಓರಗೆಯವರ ಜೊತೆ ಹೋಲಿಸಿದರೆ ಶೇ. 41! ಇವರು ತೀರಾ ಮುಂಚೆ ಹುಟ್ಟಿದವರು, ನಿಜ. 34 ವಾರಕ್ಕೆ ಹುಟ್ಟಿದವರಲ್ಲಿ ತೊಂದರೆ ಎಷ್ಟೋ ಕಮ್ಮಿ. ಆದರೂ ತೊಂದರೆಯ ಅರ್ಧ ಭಾಗ ಓರಗೆಯವರ ಪಕ್ಕ ಇಟ್ಟು ನೋಡಿದಾಗಲೇ ಕಂಡಿತು ಅನ್ನುವುದನ್ನು ನಾನು ಮರೆಯುವುದಿಲ್ಲ.

ಒಬ್ಬರು ಅಜ್ಜಿ ಎರಡನೇ ಕ್ಲಾಸಿನ ಮೊಮ್ಮಗನನ್ನು ಕರೆತಂದಿದ್ದರು. "ಲೆಕ್ಕ ತಲೆಗೇ ಹತ್ತಲ್ಲ ಡಾಕ್ಟ್ರೇ, ಕೂತಲ್ಲಿ ಕೂರಲ್ಲ, ದಿನಾ ಏಟು ತಿಂತಾನೆ." ಹುಟ್ಟಿದ್ದು ಯಾವಾಗ ಅಂತ ಯಾರೂ ಕೇಳಿರಲಿಲ್ಲ. "ಬೆಚ್ಚಗಿಡೋ ಗಾಜಿನ ಪೆಟ್ಟಿಗೆಲಿ ಇಟ್ಟಿದ್ರು. ಎರಡು ಕೆಜಿ ಆದ, ಇನ್ಯಾಕೆ ಅಂತ ಆಸ್ಪತ್ರೆ ಬಿಟ್ವಿ."

ಇಲ್ಲೇ ನಾವು ಎಡವುವುದು. ತೂಕ ಬಂತು, ಮುಗೀತು ಅಂದುಕೊಳ್ಳುತ್ತೇವೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಎಂಟು ತಿಂಗಳಲ್ಲಿ ಆರು ತಿಂಗಳ ಮಗುವಿನಷ್ಟು ಮಾಡಿದರೆ ಸಾಕು. ಎರಡು ವರ್ಷದ ತನಕ ಹಾಗೇ ಲೆಕ್ಕ ಹಾಕಿ. ಅದಕ್ಕೂ ಹಿಂದೆ ಬಿದ್ದರೆ ಸುಮ್ನೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರಕ್ಕೆ ಹೋಗಿ.

ಇನ್ನು ಎದೆಗೆ ಎದೆ ಹಚ್ಚಿ ಮಲಗಿಸಿಕೊಳ್ಳುವ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆಗಳು ಸಾಲದೆ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು. ಹಾಗೆ ಬೆಳೆದ ಮಕ್ಕಳನ್ನು ಇಪ್ಪತ್ತು ವರ್ಷದ ಮೇಲೆ ನೋಡಿದರೆ, ಚಡಪಡಿಕೆಯೂ ಸಿಡುಕೂ ಕಮ್ಮಿ ಇತ್ತು. ಅಪ್ಪಂದಿರೂ ಮಾಡಬಹುದು, ನಾಚಿಕೆ ಬೇಡ.

ಆ ಅಜ್ಜಿ ಮುಂದಿನ ವಾರ ರೇಷನ್ ಕಾರ್ಡಿನ ಜೊತೆ ಮಡಚಿಟ್ಟಿದ್ದ ಡಿಸ್ಚಾರ್ಜ್ ಚೀಟಿ ತಂದರು. 30 ವಾರ, 1.2 ಕೆಜಿ. "ಇದನ್ನ ಮೇಷ್ಟ್ರಿಗೆ ತೋರಿಸ್ಲಾ?" ಅಂದರು. ಜೆರಾಕ್ಸ್ ಮಾಡಿಸಿ ಕೊಡಿ ಅಜ್ಜಿ, ಅಸಲಿ ನಿಮ್ಮ ಹತ್ತಿರ ಇರಲಿ ಅಂದೆ.