ಹಳೇ ಜೀಪಿನ ಕ್ಲಚ್ ಎಷ್ಟು ದಿನ ಬರಬೇಕು?

ಕೇಳುಗರಿಗೆ ನಮಸ್ಕಾರ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಹಳೇ ಮಹೀಂದ್ರ ಜೀಪುಗಳಿವೆಯಲ್ಲ, ಎಂಎಂ 540, ಮೇಜರ್, ಅಂಥವು, ಅವುಗಳನ್ನು ಓಡಿಸುವವರಿಗೆ ಈ ಮಾತು. ವರ್ಕ್‌ಶಾಪಿಗೆ ಬಂದವರೆಲ್ಲ ಕೇಳುವುದು ಒಂದೇ: "ಕ್ಲಚ್ ಪ್ಲೇಟು ಎಷ್ಟು ಕಿಲೋಮೀಟರ್ ಬರಬೇಕು ಸಾರ್?"

ಕಿಲೋಮೀಟರ್ ಲೆಕ್ಕ ಬಿಡಿ. ಬಯಲುಸೀಮೆಯ ನೇರ ರಸ್ತೆಯಲ್ಲಿ ಲಕ್ಷ ಕಿಲೋಮೀಟರ್ ಬಂದರೂ ಬಂತು. ಅದೇ ಪ್ಲೇಟನ್ನು ತೋಟದ ಏರಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಸುಟ್ಟು ಹಾಕಬಹುದು. ಕ್ಲಚ್ಚಿನ ಆಯಸ್ಸು ಇರುವುದು ನಿಮ್ಮ ಎಡಗಾಲಿನಲ್ಲಿ.

ಪೆಡಲ್ ಪೂರ್ತಿ ಬಿಟ್ಟಾಗ ಪ್ರೆಷರ್ ಪ್ಲೇಟು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಒತ್ತಿ ಹಿಡಿಯುತ್ತದೆ. ಎಲ್ಲ ಒಟ್ಟಿಗೆ ತಿರುಗುತ್ತವೆ, ಸವೆತವಿಲ್ಲ. ಪೂರ್ತಿ ಒತ್ತಿದರೆ ಹಿಡಿತ ಬಿಡುತ್ತದೆ, ಆಗಲೂ ಪ್ಲೇಟು ಸವೆಯುವುದಿಲ್ಲ. ಸವೆಯುವುದು ಇವೆರಡರ ನಡುವೆ, ಹಾಫ್ ಕ್ಲಚ್ಚಿನಲ್ಲಿ, ಅಂದರೆ ಪೆಡಲ್ ಅರ್ಧ ಒತ್ತಿ ಪ್ಲೇಟು ಜಾರುತ್ತಾ ಉಜ್ಜಿಕೊಳ್ಳುವಾಗ.

ಸಕಲೇಶಪುರದ ಹತ್ತಿರ ಒಬ್ಬರು ಗೌಡ್ರ ತೋಟ. ಜೀಪಿಗೆ ವರ್ಷಕ್ಕೊಂದು ಕ್ಲಚ್ ಪ್ಲೇಟು. ಕಂಪನಿ ಬದಲಾಯಿಸಿದರು, ಮೆಕ್ಯಾನಿಕ್ಕನ್ನೂ ಬದಲಾಯಿಸಿದರು. "ಈಗಿನ ಸ್ಪೇರ್ ಪಾರ್ಟ್ಸೇ ಸರಿಯಿಲ್ಲ" ಅಂತ ಅವರ ದೂರು. ನಾನು ಬಾನೆಟ್ ಎತ್ತಲಿಲ್ಲ. ಡ್ರೈವರ್ ಪಕ್ಕ ಕೂತೆ, ಕಾಫಿ ಮೂಟೆ ತುಂಬಿಕೊಂಡು ಕಣಕ್ಕೆ ಹೊರಟೆವು. ನಾನು ನೋಡುತ್ತಿದ್ದುದು ರಸ್ತೆಯನ್ನಲ್ಲ, ಅವನ ಎಡಗಾಲನ್ನು. ಒಂದು ಸಲವೂ ಅದು ಪೆಡಲಿನಿಂದ ಇಳಿಯಲಿಲ್ಲ. ಇಳಿಯುವುದಾದರೂ ಎಲ್ಲಿಗೆ? ಪೆಡಲಿನ ಎಡಕ್ಕೆ ಜಾಕು, ಸ್ಪ್ಯಾನರ್ ತುಂಬಿದ ಕಬ್ಬಿಣದ ಪೆಟ್ಟಿಗೆ ಕೂತಿತ್ತು! ಕಾಲಿಡಲು ಜಾಗವೇ ಇಲ್ಲ, ಪಾಪ.

ಅರ್ಧ ಏರಿನಲ್ಲಿ ಕೊಯ್ಲಿನವರು ಎದುರು ಬಂದರು. ಅವನು ಬ್ರೇಕ್ ಹಾಕಲಿಲ್ಲ. ಹಾಫ್ ಕ್ಲಚ್ಚಿನಲ್ಲೇ, ಆಕ್ಸಿಲರೇಟರ್ ಒತ್ತಿಕೊಂಡು ಗಾಡಿಯನ್ನು ನಿಲ್ಲಿಸಿ ಹಿಡಿದ. ಅವರು ಮಾತಾಡುತ್ತಾ ನಿಧಾನವಾಗಿ ದಾಟುವಷ್ಟರಲ್ಲಿ ಬಂತು ನೋಡಿ ವಾಸನೆ, ಸುಟ್ಟ ಬೆಲ್ಟಿನ ಘಾಟು.

"ಲೋ ಗೇರಿಗೆ ಯಾಕಪ್ಪಾ ಹಾಕಲ್ಲ?" ಅಂದೆ. "ಡೀಸೆಲ್ ಜಾಸ್ತಿ ಕುಡಿಯುತ್ತೆ, ಹಾಕಬೇಡ ಅಂದಿದಾರೆ ಸಾರ್." ಲೋ ಹಾಕುವುದಕ್ಕೆಂದೇ ಗೇರ್ ಲಿವರ್ ಪಕ್ಕದಲ್ಲಿರುವ ಸಣ್ಣ ಲಿವರ್ ತುಕ್ಕು ಹಿಡಿದು ಕೂತಿತ್ತು. ಗ್ಯಾರೇಜಿನಲ್ಲಿ ಬಿಡಿಸಿ, ಗ್ರೀಸ್ ಹಾಕಿ, ಅದೇ ಏರಿಗೆ ಅಷ್ಟೇ ಮೂಟೆ ತುಂಬಿಕೊಂಡು ಬಂದೆವು. ಗಾಡಿ ನಿಲ್ಲಿಸಿ ಫೋರ್ ವೀಲ್ ಲೋ, ಅಂದರೆ ನಾಲ್ಕೂ ಚಕ್ರ ಎಳೆಯುವ ಲೋ ಗೇರ್ ಹಾಕಿ, ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟು ಕಾಲು ಕೆಳಗಿಡು ಅಂದೆ. ಲೋನಲ್ಲಿ ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆ ಪಟ್ಟು. ವೇಗ ಅಷ್ಟೇ ಕಡಿಮೆಯಾಗುತ್ತದೆ. ಹಾಗಾಗಿ ನಿಧಾನಕ್ಕೆ ಹೋಗಲು ಕ್ಲಚ್ ಜಾರಿಸುವ ಅಗತ್ಯವೇ ಇಲ್ಲ. ಜೀಪು ತನ್ನಷ್ಟಕ್ಕೆ ತಾನೇ ಹತ್ತಿತು. ಗೌಡ್ರು ಕಣದಲ್ಲಿ ನಿಂತು ನೋಡುತ್ತಿದ್ದರು. ಆ ಪೆಟ್ಟಿಗೆ ಅವತ್ತೇ ಹಿಂದಿನ ಸೀಟಿನಡಿ ಸೇರಿತು.

ಎರಡು ಲೀಟರ್ ಡೀಸೆಲ್ ಉಳಿಸಲು ಹೋಗಿ ಕ್ಲಚ್ ಸೆಟ್ಟನ್ನೇ ಸುಡುವುದು ಯಾವ ಉಳಿತಾಯ, ಹೇಳಿ? ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕ್ ಇದೆ, ಹ್ಯಾಂಡ್ ಬ್ರೇಕ್ ಇದೆ. ಕ್ಲಚ್ ಅದಕ್ಕಲ್ಲ. ಗೇರ್ ಬದಲಾದ ಮೇಲೆ ಕಾಲು ಕೆಳಗೆ. ಆದರೆ ಟಾರು ರಸ್ತೆಗೆ ಬಂದ ಮೇಲೆ ಫೋರ್ ವೀಲ್ ತೆಗೆದುಬಿಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೆಡಲಿಗೆ ಸುಮಾರು ಒಂದು ಇಂಚು ಫ್ರೀ ಪ್ಲೇ, ಅಂದರೆ ಕ್ಲಚ್ ಬಿಡಲು ಶುರುವಾಗುವ ಮುಂಚಿನ ಸಡಿಲ, ಇರಲಿ. ಅದು ಇಲ್ಲದಿದ್ದರೆ ನೀವು ಕಾಲು ತೆಗೆದರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ಪ್ಲೇಟು ಹೋಗಿದೆಯಾ ಅಂತ ನೋಡಬೇಕಾ? ಸಮತಟ್ಟು ಜಾಗದಲ್ಲಿ ಬ್ರೇಕ್ ಬಲವಾಗಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಸರಿಯಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ.

ಪ್ಲೇಟು ಹಾಕಿಸುವಾಗ, ಪೆಡಲ್ ಒತ್ತಿದಾಗ ಕ್ಲಚ್ಚಿನ ಹಿಡಿತ ಬಿಡಿಸುವ ರಿಲೀಸ್ ಬೇರಿಂಗನ್ನೂ ಬದಲಾಯಿಸಿ. ಗೇರ್ ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಯಾಕೆ ಕೊಡುತ್ತೀರಿ? ಹಳೇ ಪ್ಲೇಟನ್ನು ಕೇಳಿ ತೆಗೆದುಕೊಂಡು ಕೈಯಲ್ಲಿ ಹಿಡಿದು ನೋಡಿ. ಎಣ್ಣೆ ಮೆತ್ತಿದ್ದರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿರಬಹುದು. ಅದನ್ನು ಸರಿಮಾಡಿಸದೆ ಹೊಸ ಪ್ಲೇಟು ಹಾಕಿಸಬೇಡಿ. ಎಣ್ಣೆಯಿಲ್ಲದೆ ಸುಟ್ಟು ಕಪ್ಪಾಗಿದ್ದರೆ, ಡ್ರೈವರ್ ಪಕ್ಕ ಕೂತು ಒಂದು ಸಲ ತೋಟಕ್ಕೆ ಹೋಗಿಬನ್ನಿ. ನಮಸ್ಕಾರ.