ನೂರು ಸಿಸಿಯ ಒಡೆತನ

ಕೇಳುಗರಿಗೆ ನಮಸ್ಕಾರ.

ಬೈಕು ಕೊಳ್ಳಲು ಹೊರಟವರು ಎರಡು ಮಾದರಿಗಳ ವಿವರಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು, ಇದರದು 97 ಸಿಸಿ, ಅದರದು 99 ಸಿಸಿ, ಇದರ ಮೈಲೇಜ್ ಎಷ್ಟು, ಅದರ ಪಿಕಪ್ ಹೇಗೆ ಎಂದು ಬೆರಳು ಮಡಿಸಿ ಲೆಕ್ಕ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಾನೂ ಹಾಗೆಯೇ ಲೆಕ್ಕ ಹಾಕಿ ಕೊಂಡವನು. ಆದರೆ ಹದಿಮೂರು ವರ್ಷ ಒಂದೇ ನೂರು ಸಿಸಿ ಗಾಡಿಯನ್ನು ದಿನಬಳಕೆಗೆ ಓಡಿಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಈ ವರ್ಗದ ಬೈಕುಗಳ ವಿವರಪತ್ರಗಳಲ್ಲಿ ಕಾಣುವ ವ್ಯತ್ಯಾಸಗಳು ಬಹುಪಾಲು ಲೆಕ್ಕಕ್ಕಿಲ್ಲದವು, ಲೆಕ್ಕಕ್ಕೆ ಬರುವ ವ್ಯತ್ಯಾಸಗಳು ಆ ಹಾಳೆಯಲ್ಲಿ ಅಚ್ಚಾಗುವುದೇ ಇಲ್ಲ. ಚೈನಿಗೆ ಪೂರ್ತಿ ಮುಚ್ಚಳವಿದೆಯೇ, ಟ್ಯಾಪೆಟ್, ಅಂದರೆ ಎಂಜಿನ್ನಿನ ವಾಲ್ವುಗಳ ಎಡೆ, ಸರಿಪಡಿಸಲು ಪೆಟ್ರೋಲ್ ಟ್ಯಾಂಕನ್ನು ಇಳಿಸಬೇಕೇ, ಪಂಕ್ಚರಾದಾಗ ಹಿಂದಿನ ಚಕ್ರ ಎಷ್ಟು ಸುಲಭವಾಗಿ ಕಳಚಿಬರುತ್ತದೆ, ಕ್ಲಚ್ ಕೇಬಲ್ ಸಿಗುವುದು ಸಲೀಸೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಿದ್ದರೆ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು.

ಮೊದಲು ಮೈಲೇಜಿನ ವಿಷಯ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಒಂದು ಗಾಡಿ ಲೀಟರಿಗೆ 60 ಕಿಲೋಮೀಟರ್, ಇನ್ನೊಂದು 70 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಹತ್ತು ಕಿಲೋಮೀಟರಿನ ಅಂತರ ಕೇಳಲು ದೊಡ್ಡದು. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವನಿಗೆ ಮೊದಲನೆಯದು ಸುಮಾರು 167 ಲೀಟರ್ ಕುಡಿಯುತ್ತದೆ, ಎರಡನೆಯದು 143. ಉಳಿತಾಯ ತಿಂಗಳಿಗೆ ಎರಡು ಲೀಟರ್. ಅದೇ ಹತ್ತು ಕಿಲೋಮೀಟರಿನ ಅಂತರ 30 ಮತ್ತು 40ರ ನಡುವೆ ಇದ್ದಿದ್ದರೆ ವರ್ಷಕ್ಕೆ 83 ಲೀಟರ್ ಉಳಿಯುತ್ತಿತ್ತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದರ ಬದಲು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳುವ ಅಭ್ಯಾಸ ಮಾಡಿಕೊಂಡರೆ, ಸಣ್ಣ ಬೈಕುಗಳ ನಡುವಿನ ಮೈಲೇಜ್ ಪೈಪೋಟಿಯ ಬಿಸಿ ಎಷ್ಟೋ ಇಳಿದುಹೋಗುತ್ತದೆ. ಪ್ರಕಟಿತ ಅಂಕಿಗಳು ಬಂದಿರುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗಕ್ರಮದಲ್ಲಿ ಓಡಿಸಿದ ಗಾಡಿಯಿಂದ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಹಾಫ್ ಕ್ಲಚ್ಚಿನಲ್ಲಿ ಸಂದಣಿ ದಾಟುವ ಗಾಡಿಯಿಂದಲ್ಲ. ನಿಮ್ಮ ಗಾಡಿಯ ನಿಜವಾದ ಅಂಕಿ ಬೇಕಿದ್ದರೆ ಟ್ಯಾಂಕ್ ತುಂಬಿಸಿ ಮೀಟರ್ ಓದಿಕೊಂಡು, ಮುಂದಿನ ಸಲ ಅದೇ ಮಟ್ಟಕ್ಕೆ ತುಂಬಿಸಿದಾಗ ಹಿಡಿದ ಲೀಟರುಗಳನ್ನು ಬರೆದಿಡಬೇಕು, ಅದೂ ಒಂದು ಸಲವಲ್ಲ, ನಾಲ್ಕೈದು ಸಲ.

ಗಾಡಿಗಿಂತ ಹೆಚ್ಚಾಗಿ ಮೈಲೇಜನ್ನು ನಿರ್ಧರಿಸುವುದು ವೇಗ. ಎದುರುಗಾಳಿಯ ತಡೆ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿ ಏರುತ್ತದೆಯಾದ್ದರಿಂದ, 40ರಿಂದ 60 ಕಿಲೋಮೀಟರ್ ವೇಗಕ್ಕೆ ಹೋದಾಗ ಆ ತಡೆ ಎರಡೂಕಾಲು ಪಟ್ಟಾಗುತ್ತದೆ, ಅದನ್ನು ಎದುರಿಸಲು ಎಂಜಿನ್ ಒದಗಿಸಬೇಕಾದ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ಎಂಟು ಅಶ್ವಶಕ್ತಿಯ ಆಸುಪಾಸಿನ ಎಂಜಿನ್ನಿಗೆ ಇದು ಸಣ್ಣ ಹೊರೆಯಲ್ಲ. ಸಣ್ಣ ಬೈಕು 45ರಲ್ಲಿ ಹಾಯಾಗಿ, 75ರಲ್ಲಿ ಅಳುತ್ತ ಓಡುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಸಿಸಿಯ, ಅಂದರೆ ಸಿಲಿಂಡರಿನ ಒಳಗಾತ್ರದ, ವಿಷಯದಲ್ಲಿಯೂ ಅಂಕಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಹೀರೋ ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 50 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 49.5; ಬಜಾಜ್ ಸಿಟಿ 100ರ 99 ಸಿಸಿ ಎಂಜಿನ್ನಿನಲ್ಲಿ ವ್ಯಾಸ 53, ಚಲನೆ 45. ಗಾತ್ರ ಹೆಚ್ಚುಕಡಿಮೆ ಒಂದೇ, ಆಕಾರ ಬೇರೆ. ಹೋಂಡಾದ ಸಿಜಿ 125ರಲ್ಲಿ ವ್ಯಾಸ 56.5 ಆದರೂ ಪಿಸ್ಟನ್ನಿನ ಚಲನೆ ಅದೇ 49.5. ಹಾಗೆಂದು ಈ ಅಂಕಿಗಳನ್ನು ಹಿಡಿದುಕೊಂಡು ವಾದಕ್ಕಿಳಿಯಬೇಕಾಗಿಲ್ಲ. ಗೇರುಗಳ ಅನುಪಾತ, ಚೈನ್ ಸುತ್ತುವ ಹಲ್ಲುಚಕ್ರಗಳಾದ ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್‌ಗಳ ಹಲ್ಲುಗಳ ಲೆಕ್ಕ, ಗಾಡಿಯ ತೂಕ ಇವೆಲ್ಲ ಸೇರಿ ಏರುರಸ್ತೆಯಲ್ಲಿ ಗಾಡಿ ಎಳೆಯುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತವೆ. ಕೊಳ್ಳುವ ಮುನ್ನ ಒಬ್ಬರನ್ನು ಹಿಂದೆ ಕೂರಿಸಿಕೊಂಡು, ಟಾಪ್ ಗೇರಿನಲ್ಲಿ 30ರ ವೇಗದಿಂದ ಮೆಲ್ಲಗೆ ಆಕ್ಸಿಲರೇಟರ್ ತಿರುಗಿಸಿ ನೋಡಿ. ಗಾಡಿ ಒದರಾಡದೆ ವೇಗ ಹಿಡಿದರೆ ದಿನಬಳಕೆಗೆ ಬೇಕಾದ ಗುಣ ಅದರಲ್ಲಿದೆ.

ಈ ಜಾತಿಯ ಗಾಡಿಗಳನ್ನು ರೂಪಿಸಿದ ತಲೆಗಳು ಒಡೆಯನನ್ನು ಎಷ್ಟು ಚೆನ್ನಾಗಿ ಬಲ್ಲವು ಎಂಬುದಕ್ಕೆ ಎರಡು ಉದಾಹರಣೆಗಳಿವೆ. ಹೋಂಡಾ ಸಂಸ್ಥೆ 1958ರಲ್ಲಿ ಹೊರತಂದ ಸೂಪರ್ ಕಬ್ ಐವತ್ತು ಸಿಸಿಯ ಪುಟ್ಟ ಗಾಡಿ. ಕೈಯಿಂದ ಹಿಡಿಯುವ ಕ್ಲಚ್ ಅದಕ್ಕಿರಲಿಲ್ಲ, ಗೇರು ಬದಲಿಸುವುದು ಕಾಲಿನಿಂದಲೇ. ಕೆಸರು ಸಿಡಿಯದಂತೆ ಕಾಲಿಗೆ ಪ್ಲಾಸ್ಟಿಕ್ ಮರೆ, ಚೈನಿಗೆ ಪೂರ್ತಿ ಹೊದಿಕೆ. ಸೂಪರ್ ಕಬ್ ಸಾಲಿನ ಒಟ್ಟು ತಯಾರಿಕೆ 2017ರಲ್ಲಿ ಹತ್ತು ಕೋಟಿ ಮುಟ್ಟಿತು. ಎರಡನೆಯದು 1976ರ ಸಿಜಿ 125. ಅದರ ಎಂಜಿನಿಯರುಗಳು ಬೈಕನ್ನು ಮಿತಿಮೀರಿದ ಹೊರೆ ಹೇರಿ ದುಡಿಸುವ, ಎಣ್ಣೆ ಬದಲಿಸುವುದನ್ನು ಮರೆತೇಬಿಡುವ ಜನರನ್ನು ಗಮನದಲ್ಲಿಟ್ಟುಕೊಂಡರು. ವಾಲ್ವುಗಳನ್ನು ತೆರೆಯಲು ಸಿಲಿಂಡರಿನ ನೆತ್ತಿಯಲ್ಲಿ ತಿರುಗುವ ಕ್ಯಾಮ್ ಶಾಫ್ಟಿಗೆ ಎಣ್ಣೆ ಕೆಟ್ಟರೆ ಬಹುಬೇಗ ಸವೆತ ಬರುತ್ತದೆ, ಅದನ್ನು ಓಡಿಸುವ ಚೈನಿಗೂ ಆಗಾಗ ಆರೈಕೆ ಬೇಕು. ಆದ್ದರಿಂದ ಅವರು ಕ್ಯಾಮನ್ನು ಕೆಳಗೆ, ಎಣ್ಣೆಯ ಹತ್ತಿರಕ್ಕೆ ತಂದು, ಒಂದೇ ಕ್ಯಾಮಿನಿಂದ ಎರಡೂ ವಾಲ್ವುಗಳನ್ನು ಉದ್ದನೆಯ ಕಡ್ಡಿಗಳ ಮೂಲಕ ಆಡಿಸಿದರು. ಆ ಕಾಲಕ್ಕೂ ಅದು ಹಳೆಯ ಪದ್ಧತಿಯೇ. ಹೊಸತನದ ಮೋಹವನ್ನು ಬಿಟ್ಟು, ಗಾಡಿಯನ್ನು ಅಲಕ್ಷಿಸುವ ಒಡೆಯನನ್ನೂ ಲೆಕ್ಕಕ್ಕೆ ಹಿಡಿದ ಆ ನಿರ್ಧಾರವನ್ನು ನಾನು ಬಹಳ ಮೆಚ್ಚುತ್ತೇನೆ.

ಚೈನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ದಂಡ ತೆತ್ತದ್ದು ಅದಕ್ಕೇ. ಗಾಡಿ ಕೊಂಡ ನಾಲ್ಕನೆಯ ವರ್ಷ ಸರ್ವಿಸಿಗೆ ಬಿಟ್ಟಾಗ ಚೈನ್ ಕಟಕಟ ಸದ್ದು ಮಾಡುತ್ತದೆ ಎಂದು ದೂರಿದೆ. ಮೆಕ್ಯಾನಿಕ್ ಅದನ್ನು ತಂಬೂರಿಯ ತಂತಿಯ ಹಾಗೆ ಬಿಗಿದುಕೊಟ್ಟ. ಸದ್ದೇನೋ ನಿಂತಿತು, ನಾನೂ ಸಂತೋಷದಿಂದ ಮನೆಗೆ ಬಂದೆ. ಎರಡು ತಿಂಗಳು ಕಳೆಯುವುದರೊಳಗೆ ಎಂಜಿನ್ನಿನ ಎಡಬದಿಯಲ್ಲಿ ಎಣ್ಣೆ ಜಿನುಗತೊಡಗಿತು. ಬಿಚ್ಚಿ ನೋಡಿದರೆ ಮುಂದಿನ ಸ್ಪ್ರಾಕೆಟ್ ಕೂರುವ ಶಾಫ್ಟಿನ ಸೀಲ್ ಹೋಗಿತ್ತು, ಅದರ ಹಿಂದಿನ ಬೇರಿಂಗ್ ಕೂಡ ಆಡುತ್ತಿತ್ತು.

ಹೀಗಾಗುವುದಕ್ಕೆ ಕಾರಣ ಸರಳ ರೇಖಾಗಣಿತ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಒಂದು ಕೀಲಿನ ಸುತ್ತ ಮೇಲೆ ಕೆಳಗೆ ಆಡುತ್ತದೆ. ಆ ಕೀಲು ಮುಂದಿನ ಸ್ಪ್ರಾಕೆಟ್ಟಿನ ಕೇಂದ್ರದಲ್ಲಿಲ್ಲ, ಅದರಿಂದ ಒಂದಷ್ಟು ಹಿಂದಿದೆ. ನಾವು ಗಾಡಿಯ ಮೇಲೆ ಕುಳಿತು ಷಾಕ್ ಅಬ್ಸಾರ್ಬರ್ ಕುಗ್ಗಿದಾಗ ಸ್ಪ್ರಾಕೆಟ್ಟಿನ ಕೇಂದ್ರ, ಕೀಲು ಮತ್ತು ಚಕ್ರದ ಅಚ್ಚು ಒಂದೇ ಗೆರೆಗೆ ಬರುತ್ತವೆ, ಆಗ ಎರಡೂ ಸ್ಪ್ರಾಕೆಟ್‌ಗಳ ನಡುವಿನ ದೂರ ಅತ್ಯಂತ ಹೆಚ್ಚು. ಸ್ಟ್ಯಾಂಡಿನ ಮೇಲೆ ನಿಂತಾಗಲೇ ಬಿಗಿಯಾಗಿದ್ದ ಚೈನಿಗೆ ಆಗ ಹಿಗ್ಗಲು ಎಡೆಯೇ ಇಲ್ಲದೆ, ಪ್ರತಿ ಗುಂಡಿಯಲ್ಲಿಯೂ ಅದು ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಬಹಳಷ್ಟು ಸಣ್ಣ ಬೈಕುಗಳ ಕೈಪಿಡಿಗಳು ಚೈನಿನ ನಡುಭಾಗದಲ್ಲಿ 20ರಿಂದ 30 ಮಿಲಿಮೀಟರ್ ಸಡಿಲ ಬಿಡಲು ಹೇಳುವುದು ಈ ಕಾರಣಕ್ಕಾಗಿ. ಅಳೆಯುವಾಗ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ನಾಲ್ಕಾರು ಕಡೆ ನೋಡಬೇಕು. ಚೈನ್ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲವಾದ್ದರಿಂದ ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ ಇರುತ್ತದೆ. ಅಳತೆ ಕೂರಬೇಕಾದದ್ದು ಅತಿ ಬಿಗಿಯಾದ ಜಾಗಕ್ಕೆ. ಉಳಿದೆಡೆ ತುಸು ಸದ್ದು ಬಂದರೆ ಬರಲಿ.

ಚೈನ್ ಬದಲಿಸುವ ಕಾಲ ಬಂದಿದೆಯೇ ಎಂದು ತಿಳಿಯಲು ಬೇಕಿರುವುದು ಒಂದು ಟೇಪು ಮಾತ್ರ. ಈ ಗಾಡಿಗಳಲ್ಲಿ ಸಾಮಾನ್ಯವಾಗಿರುವ 428 ಎಂಬ ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹೊಸ ಚೈನಿನ ಇಪ್ಪತ್ತು ಕೊಂಡಿಗಳ ಉದ್ದ 254 ಮಿಲಿಮೀಟರ್ ಇರಬೇಕು. ಅದು 258, 259ಕ್ಕೆ ಬಂದಿದ್ದರೆ ಇನ್ನು ಬಿಗಿದು ಪ್ರಯೋಜನವಿಲ್ಲ. ಬದಲಿಸುವಾಗ ಚೈನಿನ ಜೊತೆಗೆ ಎರಡೂ ಸ್ಪ್ರಾಕೆಟ್‌ಗಳನ್ನು ಹಾಕಿಸಬೇಕು, ಇಲ್ಲದಿದ್ದರೆ ಹಳೆಯ ಹಲ್ಲುಗಳು ಹೊಸ ಚೈನನ್ನು ತಿಂದುಹಾಕುತ್ತವೆ. ಪೂರ್ತಿ ಮುಚ್ಚಳವಿರುವ ಗಾಡಿಯಲ್ಲಿ ಧೂಳು, ಮಳೆನೀರು ತಗಲದೆ ಚೈನ್ ಹೆಚ್ಚು ಕಾಲ ಬಾಳುತ್ತದೆ. ಅಂದಕ್ಕಾಗಿ ಆ ತಗಡಿನ ಮುಚ್ಚಳವನ್ನು ತೆಗೆದು, ತೆರೆದ ಚೈನನ್ನು ಕೊಡುವ ಮಾದರಿಗಳು ಹೆಚ್ಚುತ್ತಿವೆ. ದಿನಬಳಕೆಯ ಗಾಡಿಗೆ ಅದು ನನ್ನ ದೃಷ್ಟಿಯಲ್ಲಿ ಶುದ್ಧ ಶೋಕಿ.

ಎಣ್ಣೆಯ ವಿಷಯ ಇಷ್ಟು ಉದ್ದವಿಲ್ಲ, ಆದರೆ ಅಷ್ಟೇ ಮುಖ್ಯ. ಈ ಎಂಜಿನ್ನುಗಳಲ್ಲಿರುವುದು ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ. ಕಾಲು ಲೀಟರ್ ಸುಟ್ಟುಹೋದರೆ ಕಾಲುಭಾಗವೇ ಹೋದಂತೆ. ಹಲವು ಮಾದರಿಗಳಲ್ಲಿ ಕಾಗದದ ಫಿಲ್ಟರ್ ಇರುವುದಿಲ್ಲ. ಒಂದು ಜಾಲರಿಯೂ, ತಿರುಗುವ ರಭಸಕ್ಕೆ ಕಸವನ್ನು ಅಂಚಿಗೆ ಎಸೆದು ಹಿಡಿದಿಡುವ ಒಂದು ಬಟ್ಟಲೂ ಅದರ ಕೆಲಸ ಮಾಡುತ್ತವೆ. ಅದೇ ಎಣ್ಣೆಯಲ್ಲಿ ಎಂಜಿನ್, ಗೇರುಗಳು, ಕ್ಲಚ್ ಮೂರೂ ಮುಳುಗಿರುವುದರಿಂದ ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಎಂಬ, ಇಂಥ ಕ್ಲಚ್ಚಿಗೆ ಹೊಂದುವುದನ್ನು ಸೂಚಿಸುವ ಗುರುತಿರುವ ಎಣ್ಣೆಯನ್ನೇ ಹಾಕಬೇಕು. ಜಾರಿಕೆ ಹೆಚ್ಚಿಸುವ ಮದ್ದು ಬೆರೆಸಿದ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರುವ ಅಪಾಯವಿದೆ.

ಪೆಟ್ರೋಲನ್ನು ಗಾಳಿಗೆ ಬೆರೆಸಲು ಕಾರ್ಬ್ಯುರೇಟರ್ ಒಳ್ಳೆಯದೋ, ಪಂಪಿನ ಒತ್ತಡದಿಂದ ಸಿಂಪಡಿಸುವ ಫ್ಯೂಯೆಲ್ ಇಂಜೆಕ್ಷನ್ ಒಳ್ಳೆಯದೋ ಎಂಬ ಚರ್ಚೆ ಹೊಸ ಗಾಡಿ ಕೊಳ್ಳುವವರಿಗೆ ಬಹುತೇಕ ಮುಗಿದಂತೆಯೇ, ಹೊಗೆಯ ನಿಯಮಗಳು ಬಿಗಿಯಾದ ಕಡೆಗಳಲ್ಲಿ ಬಹುಪಾಲು ಇಂಜೆಕ್ಷನ್ನೇ ಬಂದಿದೆ. ಚಳಿಯ ಬೆಳಗ್ಗೆ ಚೋಕ್ ಎಳೆಯುವ ತಾಪತ್ರಯ ತಪ್ಪಿತು. ಅದರ ಬದಲಿಗೆ ಬ್ಯಾಟರಿಯನ್ನು ಜೋಪಾನ ಮಾಡಬೇಕಾಯಿತು, ಏಕೆಂದರೆ ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪ್ ಓಡುವುದಿಲ್ಲ. ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಒಂದಿಷ್ಟು ಹಿಡಿಯುವ ಜೋಡಿ ವ್ಯವಸ್ಥೆಯೂ ಈಗ ಸಾಮಾನ್ಯ. ಅದು ನಡೆಯುವುದು ಕೇಬಲ್ಲುಗಳಿಂದ, ಕೇಬಲ್ ಸಡಿಲವಾದರೆ ಆ ಜೋಡಿ ಹೆಸರಿಗೆ ಮಾತ್ರ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರಿಗೆ ಎರಡು ಮಾತು. ಮೊದಲೇ ತಿಳಿಸಿ, ಎಂಜಿನ್ ತಣ್ಣಗಿರುವಾಗ ಹೋಗಿ, ಮುಟ್ಟಿ ನೋಡಿದ ಮೇಲೆಯೇ ಚಾಲು ಮಾಡಿಸಿ. ಬಿಸಿ ಎಂಜಿನ್ ತನ್ನ ರೋಗಗಳನ್ನು ಮುಚ್ಚಿಡುತ್ತದೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಸುಡುತ್ತಿದೆ ಎಂದೇ ಅರ್ಥ. ಮೀಟರ್ 18,000 ಕಿಲೋಮೀಟರ್ ಎನ್ನುತ್ತಿದ್ದು, ಗೇರ್ ಲಿವರಿನ ರಬ್ಬರ್ ನುಣ್ಣಗೆ ಸವೆದು ಒಳಗಿನ ಕಬ್ಬಿಣ ಇಣುಕುತ್ತಿದ್ದರೆ ನಾನು ರಬ್ಬರನ್ನು ನಂಬುತ್ತೇನೆ. ಕೊನೆಗೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ, ಮುಚ್ಚಳವಿದ್ದರೆ ಅದನ್ನು ಬಿಚ್ಚಿಸಿ, ಚೈನನ್ನು ಎರಡು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧ ಭಾಗ ಬೆತ್ತಲಾಗಿ ಕಂಡರೆ ಒಂದು ಚೈನ್ ಮತ್ತು ಎರಡು ಸ್ಪ್ರಾಕೆಟ್ಟಿನ ಬೆಲೆಯನ್ನು ಮಾರುವವನು ಹೇಳಿದ ಬೆಲೆಯಿಂದ ಕಳೆದು, ಆಮೇಲೆ ಚೌಕಾಸಿ ಆರಂಭಿಸಿ.

ನಮಸ್ಕಾರ.